ಪುಟ ತಿರುಗಿಸುವ ಕೈಗೆ ಕೆಲಸ ಕೊಡಿ

ಪ್ರಶ್ನೆ: ನಾನು ಬೆಂಗಳೂರಿನ ವಿಜಯನಗರದವಳು, ಬ್ಯಾಂಕಿನಲ್ಲಿ ಕೆಲಸ. ಐದು ವರ್ಷದ ಮಗಳಿಗೆ ದಿನಾ ರಾತ್ರಿ ಕತೆ ಹೇಳುತ್ತೇನೆ. ಮಕ್ಕಳ ಚಿತ್ರಪುಸ್ತಕ ಬರೆಯಬೇಕೆಂಬ ಆಸೆ ಬಹಳ ದಿನದಿಂದ ಇದೆ. ಆದರೆ ಬರೆಯಲು ಕೂತರೆ ಏನೂ ಹೊಳೆಯುವುದಿಲ್ಲ, ಹೊಳೆದದ್ದೆಲ್ಲ ನೀತಿಕತೆಯಾಗಿ ಮುಗಿಯುತ್ತದೆ. ಹಠಮಾರಿ ಆನೆಮರಿಯೊಂದು ಕಾಡಿನಲ್ಲಿ ದಾರಿ ತಪ್ಪಿ, ಕೊನೆಗೆ ಅಮ್ಮನ ಮಾತು ಕೇಳಬೇಕೆಂದು ಕಲಿಯುವ ಕತೆ ಒಂದನ್ನು ಬರೆದಿಟ್ಟಿದ್ದೇನೆ. ನನಗೆ ಚಿತ್ರ ಬಿಡಿಸಲು ಬರುವುದಿಲ್ಲ. ಸ್ಫೂರ್ತಿಯನ್ನು ಎಲ್ಲಿ ಹುಡುಕಲಿ? ಬರೆದರೆ ಯಾರಿಗೆ ಕಳಿಸಲಿ? ಇದರಲ್ಲಿ ಸಂಪಾದನೆ ಇದೆಯೆ?

ಉತ್ತರ: ನಿಮ್ಮ ಆನೆಮರಿಯಿಂದಲೇ ಶುರು ಮಾಡೋಣ. ಮಕ್ಕಳ ಪುಸ್ತಕಗಳ ಸಂಪಾದಕಿಯಾಗಿ ನನ್ನ ಮೇಜಿಗೆ ಬರುವ ಹಸ್ತಪ್ರತಿಗಳಲ್ಲಿ ದಾರಿ ತಪ್ಪುವ ಪ್ರಾಣಿಮರಿಗಳದೇ ದೊಡ್ಡ ಹಿಂಡು. ಮೊಲ, ಜಿಂಕೆ, ಕರಡಿ ಯಾವುದೇ ಇರಲಿ, ಕೊನೆಯ ಪುಟದಲ್ಲಿ ಅಮ್ಮನ ಮುಂದೆ ತಲೆ ತಗ್ಗಿಸಿ ನಿಂತಿರುತ್ತದೆ. ಕತೆ ಕೆಟ್ಟದು ಅಂತಲ್ಲ. ಅಜ್ಜಿ ಬಾಯಲ್ಲಿ ಹೇಳಿದರೆ ಚೆನ್ನಾಗಿಯೇ ಇರುತ್ತದೆ. ತೊಂದರೆ ಏನೆಂದರೆ ಅದಕ್ಕೆ ಚಿತ್ರದ ಅಗತ್ಯವೇ ಇಲ್ಲ. ಆನೆಮರಿ ಹಠ ಮಾಡಿತು, ಕಾಡಿಗೆ ಹೋಯಿತು, ಅತ್ತಿತು, ಮರಳಿ ಬಂತು ಎಂದು ನಿಮ್ಮ ವಾಕ್ಯಗಳೇ ಎಲ್ಲವನ್ನೂ ಹೇಳಿ ಮುಗಿಸಿವೆ. ಚಿತ್ರಕಾರರು ಇನ್ನು ಏನು ಮಾಡಬೇಕು? ನೀವು ಹೇಳಿದ್ದನ್ನೇ ಬಣ್ಣದಲ್ಲಿ ಇನ್ನೊಮ್ಮೆ ಹೇಳಬೇಕು, ಅಷ್ಟೆ.

ಸ್ಫೂರ್ತಿ ಬರುತ್ತಿಲ್ಲ ಎಂದು ಬರೆಯುವವರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರು ವಿಷಯ ಹುಡುಕುತ್ತಿರುತ್ತಾರೆ: ಪರಿಸರ, ಸ್ನೇಹ, ಹಂಚಿ ತಿನ್ನುವುದು, ಅಜ್ಜ ಅಜ್ಜಿಯ ಪ್ರೀತಿ. ವಿಷಯ ಸಿಕ್ಕಿದ ಮರುಕ್ಷಣವೇ ಅದರ ಬಾಲ ಹಿಡಿದು ನೀತಿಯೂ ಬರುತ್ತದೆ, ಏಕೆಂದರೆ 'ಪರಿಸರ'ದ ಬಗ್ಗೆ ಏನಾದರೂ ಹೇಳಬೇಕಲ್ಲ! ನನ್ನ ಅನುಭವದಲ್ಲಿ ದಾರಿ ತಿರುಗುಮುರುಗು. ಚಿತ್ರಪುಸ್ತಕ ಹೇಗೆ ಕೆಲಸ ಮಾಡುತ್ತದೆ ಎಂಬುದು ಮೊದಲು ಕೈಗೆ ಹತ್ತಬೇಕು. ಅದು ಹತ್ತಿದ ಮೇಲೆ ಬಸ್ಸಿನಲ್ಲಿ, ಮಾರ್ಕೆಟ್ಟಿನಲ್ಲಿ ಕತೆಗಳು ತಾವಾಗಿ ಕಣ್ಣಿಗೆ ಬೀಳುತ್ತವೆ. ಆದ್ದರಿಂದ ಸ್ಫೂರ್ತಿಯ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಟ್ಟು ಒಂದು ಖಾಲಿ ಕಾಗದ ತೆಗೆದುಕೊಳ್ಳಿ.

ಕಾಗದ ಎಂದದ್ದು ಬರೆಯುವುದಕ್ಕಲ್ಲ, ಮಡಚುವುದಕ್ಕೆ. ಮುದ್ರಣಾಲಯದಲ್ಲಿ ಒಂದು ದೊಡ್ಡ ಹಾಳೆಯನ್ನು ಮೂರು ಸಲ ಮಡಚಿದರೆ 8 ಎಲೆ, ಅಂದರೆ 16 ಪುಟ ಆಗುತ್ತದೆ. ಮಧ್ಯೆ ಪಿನ್ನು ಹೊಡೆಯುವ ಪುಸ್ತಕದ ಪುಟಗಳು ಯಾವಾಗಲೂ ನಾಲ್ಕರ ಲೆಕ್ಕದಲ್ಲೇ ಇರಬೇಕು. ಹೊರದೇಶದ ಚಿತ್ರಪುಸ್ತಕಗಳಲ್ಲಿ 32 ಪುಟ ಸಾಮಾನ್ಯ. ನಮ್ಮಲ್ಲಿ ಬೆಲೆ ಕೈಗೆಟುಕಬೇಕೆಂದು 16, 20, 24 ಪುಟದ ಪುಸ್ತಕಗಳು ಹೆಚ್ಚು. ಶೀರ್ಷಿಕೆಗೆ, ಪ್ರಕಾಶಕರ ವಿವರಗಳಿಗೆ ಒಂದೆರಡು ಪುಟ ಬಿಟ್ಟರೆ 16 ಪುಟದ ಪುಸ್ತಕದಲ್ಲಿ ನಿಮ್ಮ ಕತೆಗೆ ಉಳಿಯುವುದು ಆರೇಳು ಜೋಡಿಪುಟ (ಪುಸ್ತಕ ತೆರೆದಾಗ ಅಕ್ಕಪಕ್ಕ ಕಾಣುವ ಎರಡು ಪುಟ). ಮನೆಯಲ್ಲಿ ನಾಲ್ಕು ಎ4 ಹಾಳೆಯನ್ನು ಒಟ್ಟಿಗೆ ಅರ್ಧಕ್ಕೆ ಮಡಚಿ ನಡುವೆ ದಾರ ಹಾಕಿ ಹೊಲಿದರೆ 16 ಪುಟದ ಡಮ್ಮಿ, ಅಂದರೆ ಮಾದರಿ ಪುಸ್ತಕ, ತಯಾರು. ನಿಮ್ಮ ಆನೆಮರಿ ಕತೆಯನ್ನು ಇದರೊಳಗೆ ಹಂಚಿ ನೋಡಿ. ಮೂರು ಪುಟ ತುಂಬ ಬರೀ ಮಾತುಕತೆ, ಚಿತ್ರ ಬದಲಾಗುವುದೇ ಇಲ್ಲ, ಆಮೇಲೆ ಒಂದೇ ಪುಟದಲ್ಲಿ ಐದು ಘಟನೆ — ಇವೆಲ್ಲ ಆಗ ತಾನೇ ಕಾಣುತ್ತದೆ. ನಾನು ಹೇಳಬೇಕಾಗಿಯೇ ಬರುವುದಿಲ್ಲ.

ಈ ಡಮ್ಮಿಯಲ್ಲಿ ಅತಿ ಮುಖ್ಯವಾದ ಜಾಗ ಬಲಗಡೆಯ ಪುಟದ ಕೆಳತುದಿ. ಮಗುವಿನ ಬೆರಳು ಅಲ್ಲಿರುತ್ತದೆ. ತಿರುಗಿಸಿದರೆ ಏನೋ ಇದೆ ಎಂಬ ಗುಮಾನಿ ಹುಟ್ಟಿಸುವುದು ಬರಹಗಾರರ ಕೆಲಸ, ತಿರುಗಿಸಿದಾಗ ಆ ಗುಮಾನಿಯನ್ನು ಮೀರಿದ್ದು ಕಾಣಿಸುವುದು ಹೆಚ್ಚಾಗಿ ಚಿತ್ರಕಾರರ ಕೆಲಸ. ಇದನ್ನು ಒಂದು ಉದಾಹರಣೆಯಲ್ಲೇ ತೋರಿಸುತ್ತೇನೆ.

ಬೆಂಗಳೂರಿನಲ್ಲಿ ಕಾಡುಪಾಪಗಳಿವೆ ಎಂದರೆ ಇವತ್ತಿಗೂ ಅನೇಕರು ನಂಬುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಂಥ ಮರ ದಟ್ಟವಾಗಿರುವ ಕಡೆ ಅವು ಕಂಡಿವೆ. ದೊಡ್ಡ ದುಂಡು ಕಣ್ಣಿನ, ರಾತ್ರಿ ಎಚ್ಚರಿರುವ, ಹುಳಹುಪ್ಪಟೆ ಹಿಡಿದು ತಿನ್ನುವ ಪುಟ್ಟ ಪ್ರಾಣಿ. ಅದರ ಬಗ್ಗೆ ನನಗೆ ಇಷ್ಟವಾದ ಸಂಗತಿ ಇದು: ಕಾಡುಪಾಪ ಮಂಗನ ಹಾಗೆ ನೆಗೆಯುವುದಿಲ್ಲ. ಒಂದು ಕೊಂಬೆ ಬಿಡುವ ಮೊದಲು ಇನ್ನೊಂದನ್ನು ಹಿಡಿದು, ನಿಧಾನವಾಗಿ ನಡೆದೇ ಮರದಿಂದ ಮರಕ್ಕೆ ಹೋಗುತ್ತದೆ. ಹಾಗಾಗಿ ಎರಡು ಮರಗಳ ನಡುವಿನ ಒಂದು ಕೊಂಬೆ ಕಡಿದರೆ ಅದರ ದಾರಿಯೇ ಮುಗಿಯಿತು.

ವಿಷಯ ಹುಡುಕುವವರು ಇದನ್ನು ಕೇಳಿ 'ಮರ ಕಡಿಯಬೇಡಿ' ಎಂಬ ಕತೆ ಬರೆಯುತ್ತಾರೆ. ಕಾಡುಪಾಪ ಅಳುತ್ತದೆ, ಒಬ್ಬ ಒಳ್ಳೆಯ ಹುಡುಗ ಬರುತ್ತಾನೆ, ಎಲ್ಲರಿಗೂ ಬುದ್ಧಿ ಹೇಳುತ್ತಾನೆ. ಪುಟ ತಿರುಗಿಸುವ ಕೈಯನ್ನು ನೆನಪಿಟ್ಟುಕೊಂಡವರಿಗೆ ಬೇರೆಯೇ ಕಾಣುತ್ತದೆ. ಮೊದಲ ಜೋಡಿಪುಟ: 'ಇದೊಂದು ಕೊಂಬೆ.' ಎರಡನೆಯದು: 'ಇನ್ನೊಂದು ಕೊಂಬೆ.' ಮೂರನೆಯದು: 'ಮತ್ತೊಂದು ಕೊಂಬೆ.' ನಾಲ್ಕನೆಯದರ ಬಲಬದಿಯಲ್ಲಿ 'ಆಮೇಲೆ...' ಅಷ್ಟೇ. ಪುಟ ತಿರುಗಿಸಿದರೆ ಅಕ್ಷರವೇ ಇಲ್ಲ. ಬೀದಿದೀಪದ ಬೆಳಕು, ಅಗಲವಾದ ಬರಿದು ರಸ್ತೆ, ಈಚೆ ತುದಿಯಲ್ಲಿ ಗಾಳಿಗೆ ಚಾಚಿದ ಒಂದು ಸಣ್ಣ ಕೈ. ಮೊದಲ ಪುಟಗಳ ಮೂಲೆಯಲ್ಲಿ ಕೆಳಗೆ ಕೊಂಬೆ ತುಂಬಿದ ಲಾರಿ ಹೋಗುತ್ತಿರುವುದನ್ನು ಚಿತ್ರಕಾರರು ಬಿಡಿಸಿರುತ್ತಾರೆ, ನೀವು ಅದರ ಬಗ್ಗೆ ಒಂದು ಮಾತೂ ಬರೆದಿರುವುದಿಲ್ಲ. ಎರಡನೆಯ ಸಲ ಓದುವಾಗ ಮಗು ಲಾರಿಯನ್ನು ಪತ್ತೆ ಹಚ್ಚಿ ನಿಮಗೇ ತೋರಿಸುತ್ತದೆ. ಮರ ಕಡಿಯುವುದರ ಬಗ್ಗೆ ನೀವು ಹೇಳಬೇಕೆಂದಿದ್ದ ಎಲ್ಲವನ್ನೂ ಅದೇ ಹೇಳುತ್ತದೆ, ನಿಮಗಿಂತ ಜೋರಾಗಿ.

ಆಮೇಲೆ ಕಾಡುಪಾಪ ಏನು ಮಾಡುತ್ತದೆ? ನನಗೂ ಉತ್ತರ ಇನ್ನೂ ಹೊಳೆದಿಲ್ಲ. ವಿದ್ಯುತ್ ತಂತಿ ಹಿಡಿದು ದಾಟುವಂತೆ ಮಾತ್ರ ಬರೆಯಬೇಡಿ, ನಿಜದಲ್ಲಿ ತಂತಿ ಅವುಗಳ ಜೀವ ತೆಗೆಯುತ್ತದೆ. ಸುಳ್ಳು ಕತೆಯಲ್ಲೂ ಪ್ರಾಣಿಯ ಸ್ವಭಾವ ಸುಳ್ಳಾಗಬಾರದು ಎಂಬುದು ನನ್ನ ಹಟ.

ಈ ಕಣ್ಣಿನಿಂದ ಊರನ್ನು ನೋಡಿ. ಗಾಂಧಿಬಜಾರಿನಲ್ಲಿ ಹೂವನ್ನು ಮೊಳದ ಲೆಕ್ಕದಲ್ಲಿ ಮಾರುತ್ತಾರೆ. ಯಾರ ಮೊಳ? ಹೂವಿನಮ್ಮನ ಮೊಳವೋ, ಕೊಳ್ಳಲು ಬಂದ ಅಜ್ಜಿಯ ಮೊಳವೋ? ಪಕ್ಕದಲ್ಲಿ ನಿಂತ ಪುಟ್ಟಿ ತನ್ನ ಮೊಳದಲ್ಲಿ ಅಳೆದರೆ ಅದೇ ಮಾಲೆ ಒಂದರಿಂದ ಎರಡು ಮೊಳ ಆಗಿಬಿಡುತ್ತದೆ! ಮನೆಗೆ ಬಂದು ಅವಳು ನಾಯಿಯ ಬಾಲ, ಅಪ್ಪನ ಪಂಚೆ, ಮಹಡಿ ಮೆಟ್ಟಿಲು ಎಲ್ಲವನ್ನೂ ಅಳೆಯತೊಡಗಿದರೆ ನಿಮ್ಮ ಪುಸ್ತಕದ ಅರ್ಧ ಮುಗಿದಂತೆ. ಬೇಕಾದರೆ ನೀವೇ ಬರೆದುಕೊಳ್ಳಿ, ನನ್ನದೇನೂ ಅಭ್ಯಂತರವಿಲ್ಲ. ತುಂಬಿದ ಬಿಎಂಟಿಸಿ ಬಸ್ಸಿನಲ್ಲಿ ನಿಂತ ನಾಲ್ಕು ವರ್ಷದ ಮಗುವಿಗೆ ಮುಖಗಳೇ ಕಾಣುವುದಿಲ್ಲ. ಬ್ಯಾಗು, ಸೀರೆ ಅಂಚು, ಟಿಫನ್ ಡಬ್ಬಿ, ಮಾರ್ಕೆಟ್ಟಿಂದ ಬಂದ ಚೀಲದಿಂದ ಇಣುಕುವ ನುಗ್ಗೆಕಾಯಿ ಕಾಣುತ್ತದೆ. ಯಾವ ಚೀಲದೊಳಗೆ ಏನಿದೆ ಎಂಬ ಊಹೆ, ಪುಟ ತಿರುವಿದರೆ ಉತ್ತರ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆ ಇದೆಯಲ್ಲ, ಅದರ ಇತಿಹಾಸ ಬರೆದವರು ಬಹಳ ಜನ. ಆ ಜನಜಂಗುಳಿಯಲ್ಲಿ ಕಳೆದುಹೋದ ಒಂದು ಚಪ್ಪಲಿಯನ್ನು ಪುಟದಿಂದ ಪುಟಕ್ಕೆ ಹುಡುಕಿಸಿದರೆ ಪರಿಷೆಯ ಪೂರ್ತಿ ದರ್ಶನ ತಾನಾಗಿ ಆಗುತ್ತದೆ.

ಇವುಗಳಲ್ಲಿ ಯಾವುದರಲ್ಲೂ ನೀತಿಯನ್ನು ನಾನು ಬೇಕೆಂದು ದೂರವಿಟ್ಟಿಲ್ಲ. ಮಗುವಿಗೆ ಮಾಡಲು ಒಂದು ಕೆಲಸವಿದೆ (ಅಳೆಯುವುದು, ಊಹಿಸುವುದು, ಹುಡುಕುವುದು), ಅದರ ನಡುವೆ ಬುದ್ಧಿಮಾತಿಗೆ ಜಾಗ ಉಳಿದಿಲ್ಲ. ನಿಮ್ಮ ಆನೆಮರಿಗೂ ಇದನ್ನೇ ಕೇಳಿ: ಅದಕ್ಕೆ ಏನು ಬೇಕಾಗಿದೆ? ಹಠ ಎಂದರೆ ದೊಡ್ಡವರು ಇಟ್ಟ ಹೆಸರು. ಮರಿಯ ಕಡೆಯಿಂದ ನೋಡಿದರೆ ಅದಕ್ಕೆ ಬಹುಶಃ ಆಚೆ ದಡದ ಕೆಸರಿನಲ್ಲಿ ಒಂದೇ ಒಂದು ಸಲ ಹೊರಳಬೇಕಿತ್ತು. ಅಲ್ಲಿಂದ ಶುರು ಮಾಡಿದರೆ ಕತೆ ಉಳಿದೀತು. ಅಮ್ಮನೂ ಕೊನೆಗೆ ಕೆಸರಿಗೆ ಇಳಿದರೆ ನನಗಂತೂ ಸಂತೋಷ.

ಇನ್ನು ಭಾಷೆ. ಇಲ್ಲಿ ಕನ್ನಡದವರಿಗೆ ಒಂದು ಅನುಕೂಲ, ಒಂದು ತೊಡಕು. ನಮ್ಮ ಮಕ್ಕಳ ಸಾಹಿತ್ಯ ಬೆಳೆದದ್ದು ಕಿವಿಯ ಮೂಲಕ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಅವರ ಕಾಲದಲ್ಲಿ ಪುಟಪುಟಕ್ಕೂ ಬಣ್ಣದ ಚಿತ್ರ ಅಚ್ಚು ಹಾಕುವುದು ಸುಲಭವಿರಲಿಲ್ಲ, ಪದ್ಯವೇ ಕುಣಿಯಬೇಕಿತ್ತು. ಆ ಲಯ ನಮ್ಮ ಬಾಯಲ್ಲಿ ಇನ್ನೂ ಇದೆ. ಪಟಪಟ, ಜುಳುಜುಳು, ದಡಬಡ, ಗುಡುಗುಡು ಇವೆಲ್ಲ ಚಿತ್ರಪುಸ್ತಕಕ್ಕೆ ಹೇಳಿ ಮಾಡಿಸಿದ ಮಾತುಗಳು. ಒಂದು ಸದ್ದು ಮೂರು ಪುಟದಲ್ಲಿ ಮರಳಿ ಬಂದರೆ ನಾಲ್ಕನೆಯ ಪುಟದಲ್ಲಿ ಮಗುವೇ ನಿಮಗಿಂತ ಮೊದಲು ಕೂಗುತ್ತದೆ.

ತೊಡಕು ಒತ್ತಕ್ಷರದ್ದು. ಆಗಷ್ಟೇ ಓದಲು ಕಲಿಯುತ್ತಿರುವ ಮಗುವಿಗೆಂದು ಬರೆಯುವಾಗ ಒತ್ತಕ್ಷರ ಕಡಿಮೆ ಇರಲಿ ಎನ್ನುತ್ತಾರೆ. ಸರಿಯಾದ ಮಾತೇ. ಆದರೆ ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ ಎಲ್ಲರಿಗೂ ಒತ್ತು ಇದೆ, ಮನೆಮಂದಿಯನ್ನೇ ಹೊರಗೆ ಹಾಕಿ ಕತೆ ಬರೆಯಲಾಗದು! ನಾನು ಪಾಲಿಸುವ ಕ್ರಮ ಇಷ್ಟು: ದಿನಬಳಕೆಯ, ಅದೇ ಅಕ್ಷರದ ಒತ್ತು ಇರುವ ಮಾತುಗಳಿಗೆ ಹೆದರುವುದಿಲ್ಲ, 'ಸ್ವಾತಂತ್ರ್ಯ', 'ವೈಶಿಷ್ಟ್ಯ'ಗಳನ್ನು ಹತ್ತಿರ ಸೇರಿಸುವುದಿಲ್ಲ. ನೀವು ಜೋರಾಗಿ ಓದಿ ಹೇಳುವುದಕ್ಕೆಂದು ಬರೆಯುತ್ತಿದ್ದರೆ ಈ ನಿಯಮವೂ ಸಡಿಲ, ಕಷ್ಟದ ಪದ ಒಂದೆರಡು ಇದ್ದರೆ ಮಗುವಿಗೆ ಮಜಾ. ಯಾವ ಪುಸ್ತಕ ಕೇಳುವುದಕ್ಕೆ, ಯಾವುದು ತಾನೇ ಓದುವುದಕ್ಕೆ ಎಂದು ಬರೆಯುವ ಮೊದಲೇ ತೀರ್ಮಾನಿಸಿ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ತರಗತಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೇ ಕೂತಿರುತ್ತಾರೆ. ಅಲ್ಲಿ ಒಂದೇ ಪುಸ್ತಕವನ್ನು ಒಬ್ಬಳು ಓದುತ್ತಾಳೆ, ಇನ್ನಿಬ್ಬರು ಚಿತ್ರ ನೋಡುತ್ತ ಕೇಳುತ್ತಾರೆ. ನಿಮ್ಮ ಅಪಾರ್ಟ್‌ಮೆಂಟಿನ ಮಕ್ಕಳದು ಬೇರೆ ಕತೆ. ಕನ್ನಡ ಮಾತಾಡುತ್ತಾರೆ, ಓದುವುದು ಇಂಗ್ಲಿಷು, ಓದಿ ಹೇಳುವ ಅಪ್ಪನಿಗೂ ಉದ್ದ ವಾಕ್ಯದಲ್ಲಿ ನಾಲಿಗೆ ತಡವರಿಸುತ್ತದೆ. ಬರೆದದ್ದನ್ನು ಇನ್ನೊಬ್ಬರ ಕೈಗೆ ಕೊಟ್ಟು ಜೋರಾಗಿ ಓದಿಸಿ ಕೇಳಿಸಿಕೊಳ್ಳಿ. ಅವರು ಎಡವಿದ ಕಡೆ ಪೆನ್ಸಿಲ್ ಗುರುತು ಹಾಕಿ.

ಎಷ್ಟು ಪದ? ಸ್ಟೋರಿವೀವರ್ ಎಂಬ ಮಕ್ಕಳ ಕತೆಗಳ ಜಾಲತಾಣದಲ್ಲಿ ಮೊದಲ ಹಂತದ ಕತೆ ಸುಮಾರು 250 ಪದದೊಳಗೆ, ಎರಡನೆಯ ಹಂತದ್ದು 600ರೊಳಗೆ. ನನ್ನನ್ನು ಕೇಳಿದರೆ ಮೊದಲ ಕರಡು ಬರೆದು ಅದರಲ್ಲಿ ಅರ್ಧ ಹೊಡೆದುಹಾಕಿ. ಹೊಡೆಯುವಾಗ ಮೊದಲು ಬಣ್ಣ, ಬಟ್ಟೆ, ಹವೆ, ಮುಖಭಾವದ ವರ್ಣನೆ ತೆಗೆಯಿರಿ. 'ಕೆಂಪು ಲಂಗ ತೊಟ್ಟ ಪುಟ್ಟಿ ಬೇಸರದಿಂದ ಕಿಟಕಿ ಬಳಿ ಕೂತಿದ್ದಳು' ಎಂಬ ವಾಕ್ಯ ಇಡೀ ಚಿತ್ರಕಾರರ ಪಾಲಿನದು.

ಓದು ಎಂದರೆ ಇಲ್ಲಿ ಕುಕ್ಕರಗಾಲಲ್ಲಿ ಕೂತು ಓದುವುದು. ಕಬ್ಬನ್ ಪಾರ್ಕಿನ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯಕ್ಕೆ ಮಗಳನ್ನು ಕರೆದುಕೊಂಡು ಹೋಗಿ, ಆದರೆ ಅವಳು ಓದುವುದನ್ನಷ್ಟೇ ನೋಡುತ್ತ ನಿಲ್ಲಬೇಡಿ, ನೀವೂ ಓದಿ. ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಲ್ಲಿ ಶುರುವಾದ ಲಾಭರಹಿತ ಸಂಸ್ಥೆ. 2015ರಲ್ಲಿ ಅವರು ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಪುಸ್ತಕಗಳು ಬಿಟ್ಟಿಯಾಗಿ ಓದಲು ಸಿಗುತ್ತವೆ. ಇಷ್ಟವಾದ ಒಂದು ಪುಸ್ತಕದ ಮಾತನ್ನಷ್ಟೇ ಕಾಗದಕ್ಕೆ ಇಳಿಸಿ ಓದಿ. ಅದು ಅರೆಬರೆಯಾಗಿ, ಕೆಲವು ಕಡೆ ಅರ್ಥವೇ ಆಗದ ಹಾಗೆ ಕಂಡರೆ ಒಳ್ಳೆಯ ಪುಸ್ತಕ ಸಿಕ್ಕಿದೆ ಎಂದೇ ಲೆಕ್ಕ. ಆಮೇಲೆ ಅಕ್ಷರಗಳನ್ನು ಮುಚ್ಚಿ, ಚಿತ್ರ ನೋಡಿ ಕತೆ ಹೇಳು ಎಂದು ಮಗಳಿಗೆ ಕೊಡಿ. ಅವಳು ಹೇಳಿದ್ದಕ್ಕೂ ಬರಹಗಾರರು ಬರೆದದ್ದಕ್ಕೂ ಇರುವ ವ್ಯತ್ಯಾಸದಲ್ಲೇ ಈ ಕಸುಬಿನ ಮುಕ್ಕಾಲು ಪಾಠವಿದೆ.

ನಿಮ್ಮ ಕತೆಯನ್ನು ಮಾತ್ರ ಮಗಳ ಮೇಲೆ ಪರೀಕ್ಷೆ ಮಾಡಬೇಡಿ. ಅಮ್ಮ ಓದುತ್ತಿದ್ದಾಳೆ ಎಂಬ ಖುಷಿಗೇ ಅವಳು ನೂರಕ್ಕೆ ನೂರು ಕೊಡುತ್ತಾಳೆ. ಬೇರೆಯವರ ಮಕ್ಕಳ ಮುಂದೆ ಓದಿ. ಅವರನ್ನು ಹೇಗಿದೆ ಎಂದು ಕೇಳುವುದೂ ಬೇಡ, ಯಾವ ಪುಟದಲ್ಲಿ ಕಣ್ಣು ಫ್ಯಾನಿನ ಕಡೆ ಹೋಯಿತು ಎಂದು ಗಮನಿಸಿ.

ಚಿತ್ರ ಬಿಡಿಸಲು ಬರುವುದಿಲ್ಲ ಎಂದು ಬೇಸರ ಬೇಡ. ಬರಹಗಾರರೇ ಚಿತ್ರಕಾರರನ್ನು ಹುಡುಕಿ ತರಬೇಕೆಂದು ಪ್ರಕಾಶಕರು ಸಾಮಾನ್ಯವಾಗಿ ಕೇಳುವುದಿಲ್ಲ, ಆ ಆಯ್ಕೆ ಸಂಪಾದಕರದು. ಪರಿಚಯದವರಿಂದ ಚಿತ್ರ ಬಿಡಿಸಿ ಕಳಿಸಿದರೆ, ಕತೆ ಚೆನ್ನಾಗಿದ್ದು ಚಿತ್ರ ಹೊಂದದಿದ್ದಾಗ ಎಲ್ಲರಿಗೂ ಮುಜುಗರ. ಎಐ ಬರೆದ ಚಿತ್ರ ಅಂಟಿಸಿ ಕಳಿಸುವುದು ಇತ್ತೀಚಿನ ಚಾಳಿ. ನಾನಾದರೆ ಅದನ್ನು ನೋಡಿ ಕತೆಯ ಮೇಲಿನ ನಂಬಿಕೆಯನ್ನೂ ಸ್ವಲ್ಪ ಕಳೆದುಕೊಳ್ಳುತ್ತೇನೆ. ಪುಟಪುಟವಾಗಿ ವಿಂಗಡಿಸಿದ ಮಾತು ಸಾಕು. ಮಾತಿನಲ್ಲಿಲ್ಲದೆ ಚಿತ್ರದಲ್ಲೇ ಇರಬೇಕಾದ ಸಂಗತಿ ಇದ್ದರೆ (ನಮ್ಮ ಲಾರಿಯ ಹಾಗೆ) ಆವರಣದಲ್ಲಿ ಒಂದು ಸಾಲಿನ ಸೂಚನೆ ಹಾಕಿ. ಎಲ್ಲ ಪುಟಕ್ಕೂ ಸೂಚನೆ ಬರೆದರೆ ಚಿತ್ರಕಾರರಿಗೆ ಉಸಿರು ಕಟ್ಟುತ್ತದೆ. ಚಿತ್ರಕಾರರ ಮನಸ್ಸು ಅರಿಯುವ ಆಸೆ ಇದ್ದರೆ ಜನವರಿಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಗೆ ಹೋಗಿ, ಕುಮಾರಕೃಪಾ ರಸ್ತೆಯ ಉದ್ದಕ್ಕೂ ಕೂತವರ ಜೊತೆ ಮಾತಾಡಿ.

ಕಳಿಸುವುದು ಎಲ್ಲಿಗೆ? ಬೆಂಗಳೂರಿನಲ್ಲೇ ಪ್ರಥಮ್ ಬುಕ್ಸ್ ಇದೆ, 1960ರಿಂದ ಇರುವ ನವಕರ್ನಾಟಕ ಇದೆ. ನ್ಯಾಷನಲ್ ಬುಕ್ ಟ್ರಸ್ಟ್ ಕನ್ನಡದಲ್ಲೂ ಮಕ್ಕಳ ಪುಸ್ತಕ ತರುತ್ತದೆ. ಚೆನ್ನೈನ ತೂಲಿಕಾ ಹಲವು ಭಾಷೆಗಳ ಜೊತೆ ಕನ್ನಡದಲ್ಲೂ ಪ್ರಕಟಿಸುತ್ತದೆ. ಒಬ್ಬೊಬ್ಬರು ಹಸ್ತಪ್ರತಿ ತೆಗೆದುಕೊಳ್ಳುವ ಸಮಯ, ಕ್ರಮ ಬೇರೆ ಬೇರೆ, ಅವರವರ ಜಾಲತಾಣ ನೋಡಿಯೇ ಕಳಿಸಿ. ಕಳಿಸುವ ಮೊದಲು ಆ ಪ್ರಕಾಶಕರ ಚಿತ್ರಪುಸ್ತಕ ಹತ್ತಾದರೂ ಓದಿರಬೇಕು. ನಿಮ್ಮ ಕತೆ ಯಾರ ಕಪಾಟಿನಲ್ಲಿ ಕೂರುತ್ತದೆ ಎಂಬುದು ಆಗಲೇ ಗೊತ್ತಾಗುವುದು. ಕಡತ ಯೂನಿಕೋಡಿನಲ್ಲಿರಲಿ, ಹಳೆಯ ಫಾಂಟಿನಲ್ಲಿ ಕಳಿಸಿದರೆ ತೆರೆದಾಗ ಅಕ್ಷರದ ಬದಲು ಚಿತ್ರವಿಚಿತ್ರ ಗುರುತುಗಳು ಕಾಣುತ್ತವೆ, ಸಂಪಾದಕರಲ್ಲಿ ಎಲ್ಲರಿಗೂ ಅಷ್ಟು ತಾಳ್ಮೆ ಇರುವುದಿಲ್ಲ.

ಯಾರಾದರೂ ಕತೆ ಕದ್ದಾರು ಎಂಬ ಭಯ ಹೊಸಬರಿಗೆ ಸಹಜ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ನೀವು ಬರೆದ ಗಳಿಗೆಯಿಂದಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ನೀವಿರುವಷ್ಟು ಕಾಲ ಮತ್ತು ಆಮೇಲೆ 60 ವರ್ಷ ಅದು ಉಳಿಯುತ್ತದೆ. ಕದಿಯುವವರಿಗಿಂತ ಓದದೆ ಸಹಿ ಹಾಕುವ ಕೈಗೆ ಹೆಚ್ಚು ಹೆದರಬೇಕು. ಹಕ್ಕು ವರ್ಗಾವಣೆ ಲಿಖಿತವಾಗಿಯೇ ಆಗಬೇಕು. ಒಪ್ಪಂದದಲ್ಲಿ ಅವಧಿ ಹೇಳಿರದಿದ್ದರೆ ಕಾನೂನು ಅದನ್ನು 5 ವರ್ಷ ಎಂದು, ಪ್ರದೇಶ ಹೇಳಿರದಿದ್ದರೆ ಭಾರತ ಎಂದು ತೆಗೆದುಕೊಳ್ಳುತ್ತದೆ. ಬೇರೆ ಭಾಷೆಯ ಅನುವಾದ, ಆಡಿಯೊ, ಅನಿಮೇಷನ್ ಯಾರ ಪಾಲು ಎಂಬುದನ್ನು ಬ್ಯಾಂಕಿನಲ್ಲಿ ಸಾಲದ ಪತ್ರ ನೋಡುವ ಹಾಗೇ ನೋಡಿ, ಆ ವಿದ್ಯೆ ನಿಮಗೆ ಹೇಗೂ ಇದೆ. ಸ್ಟೋರಿವೀವರ್‌ನಂಥ ಮುಕ್ತ ಪರವಾನಗಿಯ ಕಡೆ ಪ್ರಕಟವಾದರೆ, ನಿಮ್ಮ ಹೆಸರು ಹಾಕಿ ಯಾರು ಬೇಕಾದರೂ ಅನುವಾದಿಸಬಹುದು, ಮಾರಲೂಬಹುದು, ಕೊಟ್ಟ ಅನುಮತಿಯನ್ನು ಹಿಂದಕ್ಕೆ ಪಡೆಯಲಾಗದು. ಕತೆ ದೂರದೂರದ ಮಕ್ಕಳಿಗೆ ತಲುಪಲಿ ಎನ್ನುವವರಿಗೆ ಅದು ಒಳ್ಳೆಯ ದಾರಿ, ಪ್ರತಿ ಪ್ರತಿಗೂ ರಾಯಧನ ಬೇಕೆನ್ನುವವರಿಗೆ ಅಲ್ಲ. ಸ್ವಂತವಾಗಿ ಅಚ್ಚು ಹಾಕಿಸುವ ಯೋಚನೆ ಇದ್ದರೆ ಐಎಸ್‌ಬಿಎನ್ ಎಂಬ ಪುಸ್ತಕದ ಗುರುತಿನ ಸಂಖ್ಯೆಗೆ ದುಡ್ಡು ಕೇಳುವ ಮಧ್ಯವರ್ತಿಗಳಿಂದ ದೂರವಿರಿ, ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಅದನ್ನು ಉಚಿತವಾಗಿಯೇ ಕೊಡುತ್ತದೆ. ಆದರೂ ನಾಲ್ಕು ಬಣ್ಣದ ಮುದ್ರಣಕ್ಕೆ ಕೈಯಿಂದ ಹಾಕಿ, ಮಂಚದ ಕೆಳಗೆ ಪುಸ್ತಕದ ಬಂಡಲು ಇಟ್ಟುಕೊಂಡವರನ್ನು ಕಂಡಿದ್ದೇನೆ. ಮೊದಲ ಪುಸ್ತಕಕ್ಕೆ ಆ ದಾರಿ ಬೇಡ ಎನ್ನುತ್ತೇನೆ.

ಸಂಪಾದನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಕನ್ನಡದ ಚಿತ್ರಪುಸ್ತಕಕ್ಕೆ ಒಂದು ಸಲದ ಗೌರವಧನವೋ ಮಾರಾಟದ ಮೇಲೆ ಸಣ್ಣ ಪಾಲೋ ಬರುತ್ತದೆ. ರಾಯಧನವಾದರೆ ಅದನ್ನು ಚಿತ್ರಕಾರರ ಜೊತೆ ಹಂಚಿಕೊಳ್ಳುವುದು ರೂಢಿ, ನ್ಯಾಯವೂ ಹೌದು, ಏಕೆಂದರೆ ನೀವು ಇನ್ನೂರು ಪದಕ್ಕೆ ಪಟ್ಟ ಪಾಡಿಗಿಂತ ಅವರು ಆ ಪುಟಗಳಿಗೆ ಕೊಡುವ ತಿಂಗಳುಗಳು ಹೆಚ್ಚು. ಬ್ಯಾಂಕಿನ ಕೆಲಸ ಬಿಡಬೇಡಿ. ಆನೆಮರಿಯ ಡಮ್ಮಿ ಹೊಲಿದಾದ ಮೇಲೆ, ಕೆಸರಿನ ಪುಟ ಎಷ್ಟನೆಯದಕ್ಕೆ ಬಂತು ಎಂದು ಬರೆಯಿರಿ. ನಾಲ್ಕನೆಯ ಜೋಡಿಪುಟ ದಾಟಿದ್ದರೆ ಅದಕ್ಕೆ ಮೊದಲಿನ ಪುಟಗಳಲ್ಲಿ ಏನೋ ಹೆಚ್ಚಾಗಿದೆ, ಅದನ್ನು ತೆಗೆದು ಕಳಿಸಿ.